ಹನ್ನೊಂದು ವರ್ಷ ಎಂಬ ಉತ್ತರವನ್ನು ನಂಬಿದವರು

ಹಾಸಿಗೆ ಹಿಡಿದವರ ಕುರಿತು ಬರೆದ ಗ್ರಂಥಗಳು ನಮ್ಮ ಗ್ರಂಥಾಲಯಗಳಲ್ಲಿ ಕಪಾಟುಗಟ್ಟಲೆ ಇವೆ. ಅವರ ಮಗ್ಗುಲಲ್ಲಿ ಕುಳಿತು ಗಂಜಿ ಕುಡಿಸುವವರ ಕುರಿತು ಬರೆದವು ಒಂದು ಸಾಲು ತುಂಬಿದರೆ ಹೆಚ್ಚು. ಆ ಮಗ್ಗುಲಲ್ಲಿ ಕುಳಿತವರು ಇನ್ನೂ ಪಾಟೀಚೀಲ ಹೊರುವ ವಯಸ್ಸಿನವರಾಗಿರಬಹುದು ಎಂಬುದನ್ನು ಮನೆಮನೆ ತಿರುಗಿ ಕಂಡುಕೊಂಡು, ಅಂಥ ಮಕ್ಕಳನ್ನು ‘ಎಳೆಯ ಆರೈಕೆದಾರರು’ ಎಂದು ಕರೆದು, ಅವರ ದಿನಚರಿಯನ್ನು ನಮ್ಮ ಭಾಗದ ಸಮಾಜಕಾರ್ಯ ಅಧ್ಯಯನದೊಳಕ್ಕೆ ತಂದವರು ಪ್ರಾಧ್ಯಾಪಕಿ ಡಾ. ರಜನಿ ನೀಲಕಂಠಪ್ಪ ಅರಳಿಕಟ್ಟಿಯವರು. ಧಾರವಾಡದ ನಮ್ಮ ವಿಭಾಗದಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ, 2008ರ ಮೇ ತಿಂಗಳ ಕೊನೆಯ ದಿನ ಅವರು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ.

ಅವರ ಪ್ರಬಂಧಗಳ ಪಟ್ಟಿ ಈ ಅಭಿನಂದನ ಸಂಪುಟದ ಅನುಬಂಧದಲ್ಲಿದೆ. ಅದನ್ನು ಸಿದ್ಧಪಡಿಸಿದವಳು ನಾನೇ ಆದ್ದರಿಂದ ಅದರಲ್ಲಿ ಸೇರಲಾಗದೆ ಉಳಿದದ್ದೇನು ಎಂಬುದೂ ನನಗೆ ಗೊತ್ತಿದೆ; ಸಂಪಾದಕರ ಅಪ್ಪಣೆ ಪಡೆದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ತಾರೀಖು ಮತ್ತು ಅಂಕಿಗಳನ್ನು ನನ್ನ ದಿನಚರಿಯಿಂದ ತೆಗೆದುಕೊಂಡಿದ್ದೇನೆ. ಮಾತುಗಳನ್ನು ಮಾತ್ರ ನೆನಪಿನಿಂದ ಬರೆದಿದ್ದೇನೆ, ಆದರೆ ಮೇಡಂ ಅವರಿಗೆ ಓದಿ ತೋರಿಸಿ ಎರಡು ಕಡೆ ತಿದ್ದಿಸಿಕೊಂಡಿದ್ದೇನೆ.

ರಜನಿ ಮೇಡಂ ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ನೀಲಕಂಠಪ್ಪನವರ ಹಿರಿಯ ಮಗಳು. ಅಂಡಿಗೆಯ, ಅಂದರೆ ಮೂಟೆಯ, ಮೇಲಿನ ಹತ್ತಿಯನ್ನಷ್ಟೇ ನೋಡಿ ದರ ಹೇಳುವವರನ್ನು ಕಂಡರೆ ತಂದೆಯವರಿಗೆ ಸಿಟ್ಟು ಬರುತ್ತಿತ್ತಂತೆ. ಅವರು ನಡುವಿಗೆ ಕೈ ಹಾಕಿ ಒಂದು ಹಿಡಿ ಎಳೆದು, ಬೆರಳಲ್ಲಿ ಎಳೆ ಬಿಡಿಸಿ ನೋಡುತ್ತಿದ್ದರಂತೆ. ಮಗಳು ಅದೇ ಅಭ್ಯಾಸವನ್ನು ಸಂಶೋಧನೆಗೆ ತಂದರು. ಕ್ಷೇತ್ರಕಾರ್ಯಕ್ಕೆ ಹೋದ ವಿದ್ಯಾರ್ಥಿ ಆ ಮನೆಯ ಒಂದು ಕೆಲಸಕ್ಕೆ ಕೈ ಹಚ್ಚುವ ಮೊದಲು ಪ್ರಶ್ನಾವಳಿಯನ್ನು ಚೀಲದಿಂದ ಹೊರತೆಗೆಯಕೂಡದು ಎಂಬುದು ಅವರ ಕಟ್ಟಪ್ಪಣೆ. ಕಾಳು ಹಸನು ಮಾಡಬೇಕು, ಸೊಪ್ಪು ಸೋಸಬೇಕು, ಇಲ್ಲವೇ ಬಟ್ಟೆ ಹಿಂಡಬೇಕು, ಮಾತು ಆಮೇಲೆ. ಪ್ರತಿ ವರ್ಷ ಜುಲೈನಲ್ಲಿ ಹೊಸ ವಿದ್ಯಾರ್ಥಿಗಳಿಗೆ ವಿಭಾಗದ ವರಾಂಡದಲ್ಲೇ ಮೆಂತ್ಯದ ಸೊಪ್ಪು ಸೋಸುವ ತಾಲೀಮು ನಡೆಯುತ್ತಿತ್ತು. “ಮೇಡಂ, ಇದು ಕಾಲೇಜೇನ್ರಿ, ಖಾನಾವಳಿನೋ?” ಎಂದು ನಮ್ಮ ವಿಭಾಗದ ಜವಾನ ಶರೀಫಸಾಬರು ಕಸಬರಿಗೆ ಹಿಡಿದು ನಿಂತು ಕೇಳುತ್ತಿದ್ದರು. “ಖಾನಾವಳಿ ಆಗಿದ್ರ ನಿಮಗ ಊಟ ಸಿಗ್ತಿತ್ತಲ್ರಿ ಸಾಬರ” ಎಂದು ಮೇಡಂ ನಗುತ್ತಿದ್ದರು.

ನಾನು ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, 1995ರ ಆಗಸ್ಟ್‌ನಲ್ಲಿ ಅವರ ಯೋಜನೆಯೊಂದಕ್ಕೆ ಸಹಾಯಕಿಯಾಗಿ ಸೇರಿದೆ. ಹುಬ್ಬಳ್ಳಿ–ಧಾರವಾಡದ ನಡುವೆ, ಉಣಕಲ್, ರಾಯಾಪುರ, ಸತ್ತೂರಗಳ ಸುತ್ತ, ದೀರ್ಘಕಾಲ ಹಾಸಿಗೆ ಹಿಡಿದ ರೋಗಿಗಳಿರುವ 412 ಮನೆಗಳ ಸಮೀಕ್ಷೆ ಆಗಲೇ ಮುಗಿದಿತ್ತು. ಬಂದ ಹಾಳೆಗಳಲ್ಲಿಯ ತಪ್ಪುಗಳನ್ನು ಹುಡುಕಿ ತೆಗೆದು, ಉಳಿದುದನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ‘ರೋಗಿಯನ್ನು ನೋಡಿಕೊಳ್ಳುವವರ ವಯಸ್ಸು’ ಎಂಬ ಕಾಲಮಿನಲ್ಲಿ ಇಪ್ಪತ್ತಮೂರು ಹಾಳೆಗಳು ಹದಿನೈದಕ್ಕಿಂತ ಕಡಿಮೆ ತೋರಿಸಿದವು. ಪ್ರಯೋಗಶಾಲೆಯಲ್ಲಿ ಉಳಿದವುಗಳಿಗಿಂತ ತೀರ ದೂರ ಬಿದ್ದ ಅಳತೆಯನ್ನು ಮೊದಲು ಸಂಶಯಿಸಬೇಕೆಂದು ನನಗೆ ಕಲಿಸಿದ್ದರು. ನಾನು ಸಂಶಯಿಸುವುದಕ್ಕೂ ನಿಲ್ಲದೆ ಆ ಇಪ್ಪತ್ತಮೂರನ್ನೂ ತೆಗೆದುಹಾಕಿ, ‘ತಪ್ಪು ನಮೂದುಗಳು’ ಎಂದು ಶೀರ್ಷಿಕೆ ಬರೆದು, ಮನೆ ನಂಬರಿನೊಂದಿಗೆ ಅಚ್ಚುಕಟ್ಟಾದ ಪಟ್ಟಿಯೊಂದನ್ನು ಮಾಡಿ ಮೇಡಂ ಮೇಜಿನ ಮೇಲಿಟ್ಟೆ.

ಮಧ್ಯಾಹ್ನ ಕರೆ ಬಂತು.

“ಇವು ತಪ್ಪು ಅಂತ ಹೆಂಗ ಗೊತ್ತಾತು ನಜ್ಮಾ?”

“ವಯಸ್ಸು ನೋಡ್ರಿ ಮೇಡಂ. ಹನ್ನೊಂದು, ಹನ್ನೆರಡು. ಒಂದ್ರಾಗ ಒಂಬತ್ತು ಐತಿ. ನಲವತ್ತೊಂದು ಬರಿಯೂದು ಬಿಟ್ಟು ಹನ್ನೊಂದು ಬರದಿರ್ತಾರ.”

“ಇಪ್ಪತ್ಮೂರು ಮನ್ಯಾಗೂ ಕೈ ತಪ್ಪಿತೇನು?”

“ಬಿಸಿಲಾಗ ಅಡ್ಡಾಡಿರ್ತಾರಲ್ರಿ...”

“ಹಂಗಾರ ನಾವೂ ಬಿಸಿಲಾಗ ಅಡ್ಡಾಡೂಣು. ನಾಳೆ ಒಂಬತ್ತಕ್ಕ ಬಾ. ಚಪ್ಪಲ ಛಲೋವು ಹಾಕ್ಕೊಂಡ ಬಾ.”

ಬೇರೆ ಯಾರೇ ಆಗಿದ್ದರೂ ನನ್ನನ್ನು ಗದರಿಸಬಹುದಿತ್ತು, ಇಲ್ಲವೇ ನನ್ನ ಪಟ್ಟಿಗೆ ಸಹಿ ಹಾಕಿ ಮುಂದೆ ಸಾಗಬಹುದಿತ್ತು. ಎರಡನೆಯದು ನಡೆದಿದ್ದರೆ ಇಂದು ಈ ಸಂಪುಟದಲ್ಲಿ ಬರೆಯಲು ಅರ್ಧದಷ್ಟು ಲೇಖಕರಿಗೆ ವಿಷಯವೇ ಇರುತ್ತಿರಲಿಲ್ಲ.

ಪಟ್ಟಿಯ ಮೊದಲ ಮನೆ ಉಣಕಲ್ಲಿನಲ್ಲಿತ್ತು. ಬಾಗಿಲು ತೆರೆದವಳು ಒದ್ದೆ ಕೈಯ ಹುಡುಗಿ, ಹೆಸರು ಸುಮಲತಾ, ಓದುತ್ತಿದ್ದುದು ಆರನೆಯ ಇಯತ್ತೆ. ಒಳಗೆ ಹಾಸಿಗೆಯಲ್ಲಿ ಅವಳ ತಾಯಿ ಸತ್ಯವ್ವ. ಕಟ್ಟಡದ ಕೆಲಸದಲ್ಲಿ ಮೇಲಿನಿಂದ ಬಿದ್ದು, ಸೊಂಟದಿಂದ ಕೆಳಗೆ ಸ್ವಾಧೀನ ಹೋಗಿ ಎರಡು ವರ್ಷವಾಗಿತ್ತು. ತಂದೆ ಮೈಲಾರಪ್ಪ ದಿನಾ ಬೆಳಕು ಹರಿಯುವ ಮೊದಲೇ ಕಾಳಿನ ಪೇಟೆಗೆ ಚೀಲ ಹೊರಲು ಹೋಗುತ್ತಿದ್ದರು. ಮೇಡಂ ಒಲೆಯ ಪಕ್ಕದಲ್ಲಿದ್ದ ಸೊಪ್ಪಿನ ಸೂಡನ್ನು ತಮ್ಮತ್ತ ಎಳೆದುಕೊಂಡು ಕುಳಿತರು. ಯಾರು ಯಾರನ್ನು ನೋಡಿಕೊಳ್ಳುತ್ತಾರೆ ಎಂಬ ಮಾತನ್ನೇ ಎತ್ತಲಿಲ್ಲ.

“ನಿನ್ನೆ ಎದ್ದ ಕೂಡ್ಲೆ ಏನ್ ಮಾಡಿದಿ?”

“ಮಾರಿ ತೊಕ್ಕೊಂಡೆ.”

“ಆಮ್ಯಾಲೆ?”

“ಅವ್ವನ ಮಾರಿ ತೊಳದೆ.”

“ಮೊದಲ ನಿಂದೋ, ಅವ್ವಂದೋ?”

“ನಂದ ಮೊದಲರಿ. ಇಲ್ಲಾಂದ್ರ ನಿದ್ದಿಗಣ್ಣಾಗ ಅವ್ವನ ಮೂಗಿನಾಗ ನೀರ ಹೋಗ್ತಾವು.”

“ಒಮ್ಮೆ ಹೋಗಿದ್ವು!” ಎಂದು ಹಾಸಿಗೆಯಿಂದ ಸತ್ಯವ್ವ ಕೂಗಿದರು. “ಮಂದಿ ಕೆರ್‍ಯಾಗ ಮುಳಗತಾರ, ನಾ ಹಾಸಿಗ್ಯಾಗ ಮುಳಗತಿದ್ದೆ!”

ನಾಲ್ವರೂ ನಕ್ಕೆವು. ಸೊಪ್ಪು ಸೋಸಿ ಮುಗಿಯುವುದರೊಳಗೆ ಆ ಹುಡುಗಿಯ ಹಿಂದಿನ ದಿನ ಗಂಟೆಗಂಟೆಯಾಗಿ ನಮ್ಮ ಕಣ್ಣೆದುರು ನಿಂತಿತ್ತು. ಸುಮಲತಾಗೆ ಹನ್ನೊಂದೇ ವರ್ಷ, ಮತ್ತು ಆ ಮನೆಯ ಹಾಳೆ ನೂರಕ್ಕೆ ನೂರು ಸರಿ.

ಆ ತಿಂಗಳು ಇಪ್ಪತ್ತಮೂರು ಮನೆಗೂ ಹೋದೆವು. ಇಪ್ಪತ್ತೆರಡು ಹಾಳೆಗಳು ಸರಿಯಾಗಿದ್ದವು. ಒಂಬತ್ತು ಎಂದು ಬರೆದದ್ದು ಮಾತ್ರ ನಿಜಕ್ಕೂ ಮೂವತ್ತೊಂಬತ್ತಾಗಿತ್ತು. ಅದೊಂದನ್ನು ನಾನು ಸಂದರ್ಭ ಸಿಕ್ಕಾಗಲೆಲ್ಲ ಮೇಡಂ ಅವರಿಗೆ ನೆನಪಿಸುತ್ತೇನೆ, ಅವರು ಪ್ರತಿ ಸಲವೂ ಅದನ್ನು ಗೌರವದಿಂದ ಒಪ್ಪಿಕೊಳ್ಳುತ್ತಾರೆ. ಇಪ್ಪತ್ತನಾಲ್ಕು ಚೌಕಗಳುಳ್ಳ ‘ನಿನ್ನೆಯ ಹಾಳೆ’ ಹುಟ್ಟಿದ್ದು ಆ ತಿರುಗಾಟದಲ್ಲಿ. ಮಗು ತನ್ನ ನಿನ್ನೆಯನ್ನು ತಾನೇ ಬರೆಯಬೇಕು; ಮಗುವಿನ ಒಪ್ಪಿಗೆಯಿಲ್ಲದೆ ಆ ಹಾಳೆಯನ್ನು ಮನೆಯವರಿಗೂ ತೋರಿಸಬಾರದು. ಮರುವರ್ಷ ಮೊದಲ ಪ್ರಬಂಧ ಹೊರಬಂದಾಗ ಅದರ ಮೇಲೆ ನನ್ನ ಹೆಸರು ಮೊದಲಿತ್ತು. ಅಚ್ಚಿನವರ ತಪ್ಪಿರಬೇಕೆಂದು ನಾನು ಓಡಿದೆ. “ಪಟ್ಟಿ ಮಾಡಿದಾಕಿ ನೀನ ಅಲ್ಲೇನು?” ಎಂದರು ಮೇಡಂ, ತಲೆ ಎತ್ತದೆ.

ಮೊದಲ ಭೇಟಿಯ ದಿನವೇ ಸತ್ಯವ್ವ ಒಂದು ಕರಾರು ಹಾಕಿದ್ದರು. “ನನ್ನ ಮಗಳು ನನ್ನ ಸೇವಾ ಮಾಡ್ತಾಳ ಅನ್ನೂದು ಸಾಲ್ಯಾಗ ಹೇಳಬ್ಯಾಡ್ರಿ ಮೇಡಮ್ಮಾರ. ಕೂಸಿನ ಕೈಲೆ ಮಾಡಸ್ಕೋತಾಳ ಅಂತ ಮಂದಿ ಆಡ್ಕೋತಾರ. ನಮ್ಮ ನಾದಿನಿ ಬಂದು ಇಕಿನ್ನ ಕರ್ಕೊಂಡ ಹೋಗಿಬಿಡ್ತಾಳ.” ಮೇಡಂ ಸೊಪ್ಪಿನ ಕೈಯನ್ನೇ ಅವರ ಕೈಮೇಲಿಟ್ಟು, “ನೀವು ಹೂಂ ಅನ್ನೂಮಟ ನನ್ನ ಬಾಯಿಂದ ಬರೂದಿಲ್ಲ” ಎಂದಿದ್ದರು. ಆ ಮಾತು ಅವರನ್ನು ಎಷ್ಟು ಬಿಗಿಯಾಗಿ ಕಟ್ಟಿಹಾಕಬಲ್ಲದು ಎಂಬುದು ನಮಗೆ ತಿಳಿದದ್ದು 2000ನೆಯ ಇಸವಿಯ ಜನವರಿಯಲ್ಲಿ.

ಸುಮಲತಾ ಆಗ ಹತ್ತನೆಯ ಇಯತ್ತೆಯಲ್ಲಿದ್ದಳು. ಒಂದು ಮಧ್ಯಾಹ್ನ ವಿಭಾಗದ ಬಾಗಿಲಲ್ಲಿ ಬಂದು ನಿಂತಳು. ಪರೀಕ್ಷೆಗೆ ಕೂರಲು ಬೇಕಾದ ಹಾಜರಿ ನೂರಕ್ಕೆ ಎಪ್ಪತ್ತೈದು, ಅವಳದು ಅರವತ್ತೆರಡು. ಕೊರತೆಯನ್ನು ಮನ್ನಿಸಲು ಅರ್ಜಿ ಹಾಕಬಹುದಿತ್ತು, ಆದರೆ ವಿದ್ಯಾರ್ಥಿಗೆ ಕಾಯಿಲೆಯಾಗಿತ್ತೆಂಬ ವೈದ್ಯರ ಪತ್ರ ಬೇಕು. ಅವಳ ಶಾಲೆಯ ಮುಖ್ಯೋಪಾಧ್ಯಾಯ ಹೊಳೆಯಪ್ಪ ಮಾಸ್ತರರು ಒಳ್ಳೆಯ ಮನಸ್ಸಿನಿಂದಲೇ ದಾರಿ ತೋರಿಸಿದ್ದರು: ಕಾಮಣಿ, ಅಂದರೆ ಕಾಮಾಲೆ, ಆಗಿತ್ತೆಂದು ಬರೆಸಿಕೊಂಡು ಬಾ. ಈ ವರ್ಷ ಪರೀಕ್ಷೆಗೆ ಕೂರದಿದ್ದರೆ ಮುಂದಿನ ವರ್ಷ ಶಾಲೆಯೇ ಇಲ್ಲವೆಂದು ಮನೆಯಲ್ಲಿ ತಂದೆ ಹೇಳಿಯಾಗಿತ್ತು.

“ಬರಸ್ಕೊಂಡ ಬಿಡೂಣ್ರಿ ಮೇಡಂ,” ಎಂದೆ ನಾನು. “ಯಾರರ ಡಾಕ್ಟರ್ ಬರದ ಕೊಡ್ತಾರ.”

“ಇಕಿ ಅಷ್ಟು ದಿನ ಮಲಗಿದ್ದಳೇನು? ದುಡದಾಳ. ದುಡದಾಕಿಗೆ ಮಲಗಿದ್ಲು ಅಂತ ಬರಸೂದು ಹೆಂಗ?” ಎಂದವರೇ ಹುಡುಗಿಯ ಕಡೆ ತಿರುಗಿದರು. “ನೀ ಏನಂತೀ ಸುಮಾ? ಪರೀಕ್ಷೆ ನಿಂದು.”

“ನನಗ ಪರೀಕ್ಷೆ ಬೇಕ್ರಿ. ಖರೇ ಕಾರಣ ಬರದ್ರ ಕೂಡಸ್ತಾರೇನ್ರಿ?”

“ಗೊತ್ತಿಲ್ಲ. ಕೂಡಸಲಿಕ್ಕೂ ಇಲ್ಲ.”

“ಖರೇನ ಬರೀರಿ. ಆದ್ರ ಅವ್ವ ಒಪ್ಪೂದಿಲ್ಲ” ಎಂದಳು.

ನನಗೆ ಮೇಡಂ ಮೇಲೆ ಸಿಟ್ಟೇ ಬಂದಿತ್ತು. ಒಂದು ಸುಳ್ಳು ಪತ್ರದಿಂದ ಉಳಿಯಬಹುದಾದ ವರ್ಷವನ್ನು ಅವರು ಪಣಕ್ಕಿಡುತ್ತಿದ್ದಾರೆ ಎನಿಸಿತ್ತು. ನಾಲ್ಕೂವರೆ ವರ್ಷದ ನಿನ್ನೆಯ ಹಾಳೆಗಳು ನನ್ನ ಕಪಾಟಿನಲ್ಲಿದ್ದವು. ಅವನ್ನಾದರೂ ಮಾಸ್ತರರ ಮುಂದಿಡೋಣ ಎಂದೆ. ಸತ್ಯವ್ವನಿಗೆ ಕೊಟ್ಟ ಮಾತಿದೆ ಎಂದು ಮೇಡಂ ಅದಕ್ಕೂ ಒಪ್ಪಲಿಲ್ಲ. ಸುಮಲತಾ ಕೇಳಿಕೊಂಡಳೆಂದು ಅವಳ ಇತ್ತೀಚಿನ ಹಾಳೆಯನ್ನಷ್ಟೇ ಚೀಲದಲ್ಲಿಟ್ಟುಕೊಂಡು ಮೂವರೂ ಉಣಕಲ್ಲಿಗೆ ಹೊರಟೆವು.

ಅಂದು ಹಸಿ ಬಟಾಣಿ ಬಿಡಿಸುವ ಕೆಲಸವಿತ್ತು. ಮೇಡಂ ವಿಷಯವನ್ನು ನೇರವಾಗಿ ಹೇಳಿ, ನಿಜವಾದ ಕಾರಣ ಬರೆಯಲು ಅನುಮತಿ ಕೇಳಿದರು.

“ಬ್ಯಾಡ,” ಎಂದರು ಸತ್ಯವ್ವ. “ಕಾಮಣಿ ಅಂತನ ಬರೀರಿ. ಅಂಥಾದ್ದೇನ್ ಮಾಡ್ತಾಳ ಇಕಿ? ಒಂದೀಟ ನೀರ ಕಾಸ್ತಾಳ, ಒಂದೆರಡ ರೊಟ್ಟಿ ಬಡೀತಾಳ. ಯಾರ ಮನ್ಯಾಗ ಹೆಣ್ಣಮಕ್ಕಳು ಮಾಡೂದಿಲ್ಲ?”

“ಆತು,” ಎಂದರು ಮೇಡಂ, ಮತ್ತೊಂದು ಕಾಯಿ ಬಿಡಿಸುತ್ತ. ಅವರು ಒತ್ತಾಯ ಮಾಡಲೇ ಇಲ್ಲ. ಸುಮಲತಾ ಮಾತ್ರ ನನ್ನ ಚೀಲದಿಂದ ತನ್ನ ಹಾಳೆಯನ್ನು ಎಳೆದುಕೊಂಡು, ಶಾಲೆಯಲ್ಲಿ ಪಾಠ ಓದುವವಳಂತೆ ನೆಟ್ಟಗೆ ನಿಂತು ಓದತೊಡಗಿದಳು.

“ನಾಲ್ಕೂವರಿ, ಎದ್ದೆ. ನಾಲ್ಕೂ ಮುಕ್ಕಾಲು, ಅವ್ವನ ಮಗ್ಗಲಾ ಹೊಳ್ಳಿಸಿದೆ. ಬೆನ್ನಿಗೆ ಪೌಡರ್ ಹಚ್ಚಿದೆ...”

“ಸುಳ್ಳ!” ಎಂದರು ಸತ್ಯವ್ವ. “ಅಷ್ಟ ಲಗೂ ನಾ ಎಂದ ಎದ್ದೇನಿ?”

“ನೀ ಎದ್ದಿರೂದಿಲ್ಲ. ನಿದ್ದ್ಯಾಗನ ಹೊಳ್ಳಸ್ತೇನಿ. ಬೆನ್ನು ಹುಣ್ಣಾಗಬಾರದು, ನಿನ್ನ ನಿದ್ದಿನೂ ಕೆಡಬಾರದು.”

“ಎಂದಿನಿಂದ?”

“ಐದನೇ ಇಯತ್ತ್ಯಾಗ ಇದ್ದಾಗಿಂದ.”

ಸತ್ಯವ್ವ “ಮುಂದ ಓದು” ಎಂದರು. ಇಪ್ಪತ್ತನಾಲ್ಕು ಚೌಕಗಳನ್ನೂ ಓದಿಸಿಕೊಂಡರು. ಹನ್ನೊಂದು ಗಂಟೆಯ ಚೌಕದಲ್ಲಿ ‘ಸಾಲಿಗೆ ಹೋಗಲಿಲ್ಲ, ಅವ್ವಗ ಜ್ವರ’ ಎಂದಿತ್ತು. ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಮೇಡಮ್ಮಾರ, ನೀವು ಸಾಲ್ಯಾಗ ಏನೂ ಹೇಳಬ್ಯಾಡ್ರಿ” ಎಂದರು. ನಾನು ಹಾಳೆಯನ್ನು ಮಡಚತೊಡಗಿದಾಗ ಅವರೇ ಮುಂದುವರಿಸಿದರು: “ನಾನ ಹೋಗಿ ಹೇಳ್ತೇನಿ. ಒಂದ ಆಟೋ ತರಸ್ರಿ.”

ಕಡೆಯ ಸಲ ಆಸ್ಪತ್ರೆಗೆಂದು ಮನೆಯಿಂದ ಹೊರಬಿದ್ದು ಎರಡು ವರ್ಷವಾಗಿದ್ದ ಸತ್ಯವ್ವ ಮರುದಿನ ಹಸಿರು ಇಳಕಲ್ ಸೀರೆ ಉಟ್ಟು, ಹಿಂದೆ ದಿಂಬು ಕೊಟ್ಟುಕೊಂಡು, ಮೇಡಂ ಒಂದು ಕಡೆ ನಾನೊಂದು ಕಡೆ ಆತುಕೊಂಡು, ಆಟೋರಿಕ್ಷಾದಲ್ಲಿ ಶಾಲೆಯ ಅಂಗಳದೊಳಕ್ಕೇ ಬಂದರು. ಕಿಟಕಿಗಳ ತುಂಬ ಮಕ್ಕಳ ತಲೆಗಳು. ಹೊಳೆಯಪ್ಪ ಮಾಸ್ತರರು ಸಿಟ್ಟಿನಿಂದ ಮೆಟ್ಟಿಲಿಳಿದು ಬಂದರು.

“ಏ, ಅಂಗಳದಾಗ ಆಟೋ ಯಾರ ತಂದ್ರು? ಯಾರವಾ ನೀನು?”

“ನಾನ್ರೀ ಮಾಸ್ತರ, ನಿಮ್ಮ ಸುಮಲತಾನ ಕಾಮಣಿ!”

ಮಾಸ್ತರರಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಆಮೇಲೆ ಆಟೋದ ಪಕ್ಕದಲ್ಲೇ ಒಂದು ಕುರ್ಚಿ ತರಿಸಿ ಕುಳಿತು, ಸತ್ಯವ್ವ ಹೇಳಿದ್ದನ್ನೆಲ್ಲ ಕೇಳಿದರು. ಸುಮಲತಾ ಒಪ್ಪಿ ಕೊಟ್ಟ ಹಾಳೆಯನ್ನು ಎರಡು ಸಲ ಓದಿದರು. “ಮೊದಲ ಯಾಕ ಹೇಳಲಿಲ್ಲವಾ ತಂಗಿ?” ಎಂದರು. “ನೀವರ ಎಂದ ಕೇಳಿದ್ರಿ?” ಎಂದರು ಸತ್ಯವ್ವ. ಮಾಸ್ತರರು ಅಲ್ಲಿಯೇ ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, ‘ವಿದ್ಯಾರ್ಥಿನಿಯು ಮನೆಯಲ್ಲಿ ತಾಯಿಯ ಆರೈಕೆಯಲ್ಲಿ ತೊಡಗಿದ್ದ ಕಾರಣ’ ಎಂದು ಅರ್ಜಿ ಬರೆದು, ತಾಯಿಯ ಆಸ್ಪತ್ರೆಯ ಕಾಗದಗಳನ್ನು ಲಗತ್ತಿಸಿ, ಮೇಲಿನ ಕಚೇರಿಗೆ ಕಳಿಸಿದರು. ಅಂಥ ಕಾರಣ ಆ ನಮೂನೆಯಲ್ಲಿ ಇರಲಿಲ್ಲ. ಅಂಚಿನಲ್ಲಿ ಕೈಯಿಂದ ಬರೆಯಬೇಕಾಯಿತು.

ಆರು ವಾರ ಉತ್ತರ ಬರಲಿಲ್ಲ. ಮೇಡಂ ಆ ದಿನಗಳಲ್ಲಿ ಪಾಠ ಬಿಡಲಿಲ್ಲ, ಆದರೆ ಟಪಾಲಿನ ಹೊತ್ತಿಗೆ ವರಾಂಡದಲ್ಲಿ ಅಡ್ಡಾಡುತ್ತಿದ್ದುದನ್ನು ನಾನು ನೋಡಿದ್ದೇನೆ. ಒಮ್ಮೆ ಮಾತ್ರ ನನ್ನೊಡನೆ, “ನಜ್ಮಾ, ತಪ್ಪ ಮಾಡಿದ್ನೇನ ನಾನು?” ಎಂದು ಕೇಳಿದರು. ಮಾರ್ಚ್ ಏಳರಂದು ಹೊಳೆಯಪ್ಪ ಮಾಸ್ತರರು ಸೈಕಲ್ಲನ್ನು ವರಾಂಡದ ಕಂಬಕ್ಕೆ ಒರಗಿಸುವುದಕ್ಕೂ ಪುರಸೊತ್ತಿಲ್ಲದೆ ಕೆಳಗೆ ಕೆಡವಿ, “ಬಂತ್ರೀ ಮೇಡಂ, ಬಂತು! ಮನ್ನಾ ಮಾಡ್ಯಾರ!” ಎಂದು ಕೂಗುತ್ತ ಒಳಬಂದರು. ಶರೀಫಸಾಬರು ಎಲ್ಲರಿಗೂ ಚಹಾ ತಂದರು, ಯಾರೂ ಹೇಳಿರಲಿಲ್ಲ.

ಪರೀಕ್ಷೆಯ ಆರು ದಿನ ಉಣಕಲ್ಲಿನ ಮನೆಯಲ್ಲಿ ಯಾರಿರಬೇಕೆಂಬುದಕ್ಕೆ ಮೇಡಂ ಪಾಳಿ ಹಾಕಿದರು. ಮೊದಲ ದಿನ ಸ್ವತಃ ಅವರು, ಉಳಿದ ದಿನ ನಾವು. ಗಣಿತದ ದಿನ ನನ್ನ ಪಾಳಿ. ನಾನು ಬಡಿದ ರೊಟ್ಟಿಯನ್ನು ಸತ್ಯವ್ವ ಎತ್ತಿ ಹಿಡಿದು ನೋಡಿ, “ಇದೇನ ನಜ್ಮಾ, ಹಿಂದೂಸ್ಥಾನದ ನಕಾಶೆ ಮಾಡೀಯಲ್ಲ! ಬಿ.ಎಸ್ಸಿ.ದಾಗ ದುಂಡಗ ಮಾಡೂದ ಹೇಳಿಕೊಡಲಿಲ್ಲೇನು?” ಎಂದು ಅಣಕಿಸಿದರು. ಬೆಳಗಿನ ನಾಲ್ಕೂ ಮುಕ್ಕಾಲಿನ ಕೆಲಸವನ್ನು ಮಾತ್ರ ಯಾರ ಪಾಳಿಗೂ ಹಾಕಬೇಕಾಗಿ ಬರಲಿಲ್ಲ. ಹಾಳೆಯ ಸುದ್ದಿ ಕೇಳಿದ ಮರುದಿನದಿಂದಲೇ ಮೈಲಾರಪ್ಪ ಅದನ್ನು ವಹಿಸಿಕೊಂಡಿದ್ದರು. “ಜ್ವಾಳದ ಚೀಲ ಹೊಳ್ಳಿಸಿದಂಗ ಹೊಳ್ಳಸ್ತಾನ್ರಿ. ದಿನಾ ಎಚ್ಚರಾಗತೈತಿ” ಎಂದು ಸತ್ಯವ್ವ ದೂರಿದರು. ದೂರುವಾಗ ಅವರ ಮುಖದಲ್ಲಿದ್ದ ಸಂತೋಷವನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂದು ನನಗೆ ತಿಳಿಯಲಿಲ್ಲ. ಸುಮಲತಾ ಎರಡನೆಯ ದರ್ಜೆಯಲ್ಲಿ ಉತ್ತೀರ್ಣಳಾದಳು.

ಆ ಜೂನ್‌ನಲ್ಲಿ ಹೊಳೆಯಪ್ಪ ಮಾಸ್ತರರು ತಮ್ಮ ಶಾಲೆಯ ರಜೆಯ ಪುಸ್ತಕದಲ್ಲಿ ‘ಮನೆಯ ಆರೈಕೆ’ ಎಂಬ ಹೊಸ ಕಾಲಮು ಗೆರೆ ಎಳೆದರು. ಮೇಡಂ ಆ ಪುಸ್ತಕವನ್ನು ಹಿಡಿದುಕೊಂಡು ಶಾಲೆಯಿಂದ ಶಾಲೆಗೆ ತಿರುಗಿದರು. ಕೆಲವರು ನಕ್ಕರು, ಕೆಲವರು ಇದೊಂದು ಹೊಸ ನೆಪವಾಗುತ್ತದೆ ಎಂದರು. 2006ರ ಹೊತ್ತಿಗೆ ಅವಳಿ ನಗರದ ಹತ್ತೊಂಬತ್ತು ಶಾಲೆಗಳಲ್ಲಿ ಆ ಕಾಲಮು ಬಂದಿತ್ತು, ಮತ್ತು ಅದು ತುಂಬಿದ ಮಗುವಿನ ಮನೆಗೆ ನಮ್ಮ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಹೋಗಿ ಒಂದು ಪಾಳಿ ಹಿಡಿಯುವ ವ್ಯವಸ್ಥೆಯೂ ಬೆಳೆದಿತ್ತು. ಇವನ್ನೆಲ್ಲ ಅನುಬಂಧದ ಕೋಷ್ಟಕಗಳಲ್ಲಿ ವಿವರವಾಗಿ ಕೊಟ್ಟಿದ್ದೇನೆ. ಅವರ ಕೈಕೆಳಗೆ ಒಂಬತ್ತು ಜನ ಡಾಕ್ಟರೇಟ್ ಪಡೆದಿದ್ದೇವೆ. ಒಂಬತ್ತೂ ಜನರಿಗೆ ಸೊಪ್ಪು ಸೋಸಲು ಬರುತ್ತದೆ. ರೊಟ್ಟಿಯ ವಿಷಯದಲ್ಲಿ ನಾನೊಬ್ಬಳೇ ಹಿಂದೆ ಉಳಿದಿದ್ದೇನೆ.

ಕಂಡಕ್ಟರ್ ಕೆಲಸಕ್ಕೆ ಹತ್ತನೆಯ ಇಯತ್ತೆ ಪಾಸಾಗಿರಬೇಕು. ಸುಮಲತಾ ಮೂರು ವರ್ಷದಿಂದ ಹುಬ್ಬಳ್ಳಿ–ಧಾರವಾಡ ಬಸ್ಸಿನಲ್ಲಿ ಕಂಡಕ್ಟರ್. ಕಳೆದ ತಿಂಗಳು ಮೇಡಂ ಮತ್ತು ನಾನು ರಾಯಾಪುರದಲ್ಲಿ ಹತ್ತಿದ ಬಸ್ಸು ಅವಳದೇ ಆಗಿತ್ತು. ಮೇಡಂ ಅವರಿಗೆ ಈಗ ಮೊಣಕಾಲು ನೋವು. ನಿವೃತ್ತಿಯ ಮೇಲೆ ಆ ಇಪ್ಪತ್ತೆರಡು ಮನೆಗಳಿಗೆ ಮತ್ತೆ ಹೋಗಿ, ದೊಡ್ಡವರಾದ ಆ ಮಕ್ಕಳಿಂದ ಹೊಸದಾಗಿ ಹಾಳೆ ಬರೆಸಬೇಕೆಂದು ಅವರು ದಾರಿಯುದ್ದಕ್ಕೂ ನನಗೆ ಹೇಳುತ್ತಿದ್ದರು. ಇಳಿಯುವ ಸ್ಥಳ ಬಂದಾಗ ಅವರು ಒಂದೊಂದೇ ಮೆಟ್ಟಿಲಿಗೆ ಕಾಲಿಡುತ್ತಿದ್ದುದನ್ನು ಕಂಡು ಹಿಂದಿನ ಯಾರೋ, “ಲಗೂ ಇಳೀರಿ ಅಮ್ಮಾರ” ಎಂದರು.

“ನಿಮಗೇನ್ ರೈಲ್ವೆ ಹೊಂಟೈತೇನ್ರೀ ಕಾಕಾ? ಸಾವಕಾಶ ಇಳೀತಾರ,” ಎಂದು ಸುಮಲತಾ ಗದರಿ, ತಾನು ಮೊದಲು ಕೆಳಗಿಳಿದು ಕೈ ಚಾಚಿದಳು.

“ಬ್ಯಾಡ ಸುಮಾ. ನಿನ್ನ ಪಾಳಿ ನೀ ಎಂದೋ ಮುಗಿಸೀದಿ,” ಎಂದರು ಮೇಡಂ.

“ಸುಮ್ನ ಕೈ ಕೊಡ್ರಿ ಮೇಡಂ. ಬಸ್ಸಿಗೆ ಹೊತ್ತಾಗಾಕತ್ತೈತಿ.”

ಮೇಡಂ ನಗುತ್ತ ಕೈ ಕೊಟ್ಟರು. ಸುಮಲತಾ ಅವರನ್ನು ಕೆಳಗಿಳಿಸಿ, ತಾನು ಬಸ್ಸು ಹತ್ತಿ, ಸೀಟಿ ಊದಿದಳು. ನಮ್ಮ ಗುರುಗಳ ಮುಂದೆ ಇನ್ನೂ ಇಪ್ಪತ್ತೆರಡು ಮನೆಗಳ ಬಾಗಿಲುಗಳಿವೆ, ಬರೆಯದ ಪುಸ್ತಕವೊಂದಿದೆ. ಅಷ್ಟೂ ಮೆಟ್ಟಿಲು ಹತ್ತಿಳಿಯುವ ಶಕ್ತಿಯನ್ನು ಅವರ ಮೊಣಕಾಲುಗಳಿಗೂ, ಅಷ್ಟೂ ಹಾಳೆಗಳನ್ನು ಓದುವ ಬೆಳಕನ್ನು ಅವರ ಕಣ್ಣುಗಳಿಗೂ ದೇವರು ದೀರ್ಘಕಾಲ ಕೊಡಲಿ. ಮತ್ತು ಅವಶ್ಯವಿದ್ದಾಗ ಚಾಚಿದ ಕೈಯನ್ನು ಹಿಡಿದುಕೊಳ್ಳುವ ಈ ಹೊಸ ಅಭ್ಯಾಸವನ್ನು ಅವರು ಇನ್ನು ಮೇಲೆ ಬಿಡದಿರಲಿ.